ದ್ವೇಷವಿಲ್ಲದೆಯೂ ನಡೆಯುವ ಪಕ್ಷಪಾತ

ಪೂರ್ವಗ್ರಹ ಹುಟ್ಟಬೇಕಾದರೆ ಹಳೇ ಜಗಳವೊಂದು ಇರಲೇಬೇಕು ಎಂದು ನಾವು ನಂಬುತ್ತೇವೆ. ನೆಲಕ್ಕೋ ನೀರಿಗೋ ಆದ ಹೊಡೆದಾಟ, ತಾತನ ಕಾಲದ ಅವಮಾನ, ಏನೋ ಒಂದು. ಈ ನಂಬಿಕೆಯನ್ನು ಅಲುಗಿಸಿದವರು ಬ್ರಿಸ್ಟಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹೆನ್ರಿ ತಜ್ಫೆಲ್. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರಿಗೆ ಸೆರೆಸಿಕ್ಕು, ಬದುಕಿ ಹೊರಬಂದಾಗ ಮನೆಯವರಲ್ಲಿ ಬಹುಪಾಲು ಜನ ಉಳಿದಿರಲಿಲ್ಲ. ದ್ವೇಷ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಪ್ರಯೋಗಕ್ಕೆ ಅವರು ಆರಿಸಿಕೊಂಡದ್ದು ದ್ವೇಷದ ಸುಳಿವೇ ಇಲ್ಲದ ಸನ್ನಿವೇಶವನ್ನು.

14-15 ವರ್ಷದ ಶಾಲಾ ಹುಡುಗರು. ಪರದೆಯ ಮೇಲೆ ಮಿಂಚಿ ಮಾಯವಾಗುವ ಚುಕ್ಕೆಗಳು ಎಷ್ಟೆಂದು ಅಂದಾಜಿಸಬೇಕು. ಆಮೇಲೆ ಒಬ್ಬೊಬ್ಬನಿಗೂ ‘ನೀನು ಹೆಚ್ಚು ಎಣಿಸಿದವರ ಗುಂಪು’, ‘ನೀನು ಕಡಿಮೆ ಎಣಿಸಿದವರ ಗುಂಪು’ ಎಂದು ಗುಟ್ಟಾಗಿ ತಿಳಿಸಿದರು. ಅಸಲಿಗೆ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಇನ್ನೊಂದು ಸಲ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಕಲಾವಿದರಲ್ಲಿ ಯಾರ ಚಿತ್ರ ಇಷ್ಟ ಎಂಬ ನೆಪ. ಮುಖ ಕಾಣದು, ಹೆಸರಿಲ್ಲ, ಬರೀ ಸಂಖ್ಯೆ. ಅಂಥ ಇಬ್ಬರಿಗೆ ಅಂಕ ಹಂಚಬೇಕು. ಅಂಕ ಆಮೇಲೆ ಕಾಸಾಗುತ್ತದೆ, ಆದರೆ ಹಂಚಿದವನಿಗೆ ತನ್ನ ಹಂಚಿಕೆಯಿಂದ ಬಿಡಿಗಾಸೂ ದಕ್ಕದು.

ಒಂದು ಕೋಷ್ಟಕ ಹೀಗಿತ್ತು: ಒಂದು ತುದಿಯಲ್ಲಿ ನಮ್ಮವನಿಗೆ 19, ಅವರವನಿಗೆ 25. ನಡುವೆ ಇಬ್ಬರಿಗೂ 13. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 7, ಅವರವನಿಗೆ 1. ನಮ್ಮವನ ಹಿತವಷ್ಟೇ ಮುಖ್ಯವಾಗಿದ್ದರೆ 19 ಕೊಡಿಸಿ ಸುಮ್ಮನಾಗಬೇಕಿತ್ತು. ಹುಡುಗರು ಹಾಗೆ ಮಾಡಲಿಲ್ಲ. ಸರಿಸಮ ಹಂಚುವ ಮನಸ್ಸೂ ಅವರಿಗೆ ಬಲವಾಗಿಯೇ ಇತ್ತು (ಈ ಪ್ರಯೋಗದ ಕಥೆ ಹೇಳುವವರು ಇದನ್ನು ನುಂಗಿಬಿಡುವುದುಂಟು). ಆದರೆ ಒಟ್ಟು ಒಲವು ‘ನಮ್ಮವನು ಒಂದು ಕೈ ಮೇಲಿರಲಿ’ ಎಂಬತ್ತ ವಾಲಿತ್ತು. ಅದಕ್ಕಾಗಿ ನಮ್ಮವನ ಪಾಲೇ ತಗ್ಗಿದರೂ ಅಡ್ಡಿಯಿಲ್ಲ.

ಪಕ್ಷಪಾತವೆಂದರೆ ದ್ವೇಷ ಎಂಬ ಇನ್ನೊಂದು ನಂಬಿಕೆಯೂ ಇಲ್ಲಿಯೇ ಸಡಿಲವಾಗುತ್ತದೆ. ಜರ್ಮನಿಯ ಅಮೇಲಿ ಮುಮ್ಮೆಂಡೈ ಮತ್ತು ಸಂಗಡಿಗರು ಅಂಕದ ಬದಲು ಕರ್ಕಶ ಸದ್ದಿನಂಥ ಕಿರುಕುಳವನ್ನು ಹಂಚಲು ಕೊಟ್ಟಾಗ, ಇಂಥ ನೆಪಮಾತ್ರದ ಗುಂಪುಗಳಲ್ಲಿ ಪಕ್ಷಪಾತ ಬಹುಮಟ್ಟಿಗೆ ಕಾಣೆಯಾಯಿತು. ಆಚೆ ಗುಂಪಿನವರಿಗೆ ನೋವು ಕೊಡಲು ಕೈ ಬಾರದು, ನಮ್ಮವರಿಗೆ ಒಂದು ಸೌಟು ಹೆಚ್ಚು ಬಡಿಸಲು ಬರುತ್ತದೆ. ನಮ್ಮಲ್ಲಿ ಜಾತಿಯ ವಿಷಯದಲ್ಲಿ ಹಗೆ, ಹೇಸಿಗೆ ಎರಡೂ ಇವೆ, ಅಲ್ಲಗಳೆಯುವಂತಿಲ್ಲ. ಆದರೆ ಕೆಲಸ ಕೊಡಿಸುವಾಗ, ಮನೆ ಬಾಡಿಗೆಗೆ ಕೊಡುವಾಗ ಆಡುವ ‘ನಮ್ಮ ಕಡೆಯವರು’ ಎಂಬ ಮಾತಿನಲ್ಲಿ ಬೈಗುಳವೇ ಇರುವುದಿಲ್ಲ. ಬಾಗಿಲಾಚೆ ನಿಂತವನಿಗೆ ಫಲ ಮಾತ್ರ ಒಂದೇ. ಸುಖದೇವ್ ಥೋರಟ್, ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ ಸರಿಸಮ ಅರ್ಹತೆಯ ಅರ್ಜಿಗಳು ಹೋದವು. ಬದಲಾದದ್ದು ಹೆಸರು. ಮೇಲ್ಜಾತಿಯ ಹೆಸರುಗಳಿಗಿಂತ ದಲಿತ ಹೆಸರುಗಳಿಗೆ ಕರೆ ಕಡಿಮೆ ಬಂತು, ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ.

ಹಾಗಾದರೆ ಎಲ್ಲರನ್ನೂ ಬೆರೆಸಿಬಿಟ್ಟರಾಯಿತು ಎನ್ನುವವರಿದ್ದಾರೆ. ಬರೀ ಬೆರೆಸಿದರೆ ಆಗದು. 1954ರಲ್ಲಿ ಅಮೆರಿಕದ ಓಕ್ಲಹೋಮದ ಬೇಸಿಗೆ ಶಿಬಿರದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶೆರೀಫ್ ಎರಡು ಪೈಪೋಟಿ ಗುಂಪುಗಳ ಹುಡುಗರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅವರು ಅನ್ನಾಹಾರವನ್ನೇ ಒಬ್ಬರ ಮೇಲೊಬ್ಬರು ಎಸೆದರು. ಶಿಬಿರದ ನೀರು ನಿಂತುಹೋದಂತೆ ಮಾಡಿ, ಕೂಡಿ ಹುಡುಕಬೇಕಾಗಿ ಬಂದಂಥ ಸಂದರ್ಭಗಳಲ್ಲಿ ಮಾತ್ರ ಬಿಗುವು ಸಡಿಲಿತು. ನಮಗೆ ಹೆಚ್ಚು ಹತ್ತಿರದ ಸಾಕ್ಷ್ಯ ಉತ್ತರ ಪ್ರದೇಶದ್ದು. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿಕೊಂಡು ಒಂದೊಂದು ತಿಂಗಳ ಕ್ರಿಕೆಟ್ ಲೀಗ್‌ಗಳನ್ನು ನಡೆಸಿದರು. ಯಾರು ಆಡಬೇಕು, ಯಾರ ಜೊತೆ, ಯಾರ ಎದುರು ಎಂಬುದು ಲಾಟರಿಯಂತೆ ನಿಶ್ಚಯವಾಯಿತು. ಮಿಶ್ರ ತಂಡದಲ್ಲಿ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಹೆಚ್ಚಾದರು. ಬೇರೆ ಜಾತಿಯವರನ್ನು ಎದುರಾಳಿಯಾಗಿಯೇ ಕಂಡವರಲ್ಲಿ ಒಡನಾಟ ಸಾಮಾನ್ಯವಾಗಿ ಕುಗ್ಗಿತು. ಮತ್ತೆ, ಕ್ರಿಕೆಟ್ಟಿಗೆ ಸಂಬಂಧಿಸಿದ ಬಹುಮಾನಗಳನ್ನು ಹಂಚುವ ಸರದಿ ಬಂದಾಗ, ಸ್ವಜಾತಿಯವನಿಗೇ ಕೊಡಿಸುವ ಚಾಳಿ ತಗ್ಗಿದ್ದು ಒಂದೇ ತಂಡದಲ್ಲಿ ಕೂಡಿ ಆಡಿದ್ದವರಲ್ಲಿ.