ಚಿಪ್‌ಗೆ ಗೊತ್ತಿತ್ತು, ಭಾಷೆ ಕೇಳಲಿಲ್ಲ

2018ರ ಏಪ್ರಿಲ್ 22ರಂದು ಎಥೀರಿಯಂ ಜಾಲದಲ್ಲಿ ಒಂದು ವಿಚಿತ್ರ ವಹಿವಾಟು ನಡೆಯಿತು. ಬ್ಯೂಟಿಚೈನ್ ಎಂಬ ಟೋಕನ್ ಅನ್ನು ಎರಡು ಖಾತೆಗಳಿಗೆ ಕಳಿಸಬೇಕು, ತಲಾ 2ರ 255ನೇ ಘಾತದಷ್ಟು. ಕಳಿಸುವವರ ಬಳಿ ಅಷ್ಟಿದೆಯೇ ಎಂದು ನೋಡಲು ಪ್ರೋಗ್ರಾಂ ಆ ಮೊತ್ತವನ್ನು 2ರಿಂದ ಗುಣಿಸಿತು. ಉತ್ತರಕ್ಕೆ 257 ಬಿಟ್ ಬೇಕು, ಇದ್ದದ್ದು 256. ಮೇಲಿನ ಬಿಟ್ ಉದುರಿ ಉಳಿದದ್ದು ಸೊನ್ನೆ. ಸೊನ್ನೆ ಟೋಕನ್ ಯಾರ ಬಳಿ ಇರುವುದಿಲ್ಲ? ಪರಿಶೀಲನೆ ಪಾಸಾಯಿತು, ಎರಡೂ ಖಾತೆಗಳಿಗೆ ಊಹೆಗೂ ನಿಲುಕದ ಮೊತ್ತ ಜಮೆಯಾಯಿತು.

ಕೂಡುವಾಗ ಇಂಥ ಓವರ್‌ಫ್ಲೋ ಹಿಡಿಯುವುದು ಸಲೀಸು. ಎರಡು ಧನಸಂಖ್ಯೆಗಳ ಮೊತ್ತ ಮೊದಲಿನದಕ್ಕಿಂತ ಚಿಕ್ಕದಾಗಿ ಕಂಡರೆ ಎಡವಟ್ಟಾಗಿದೆ ಎಂದೇ ಅರ್ಥ. ಗುಣಾಕಾರ ಹಾಗೆ ಸಿಕ್ಕಿಬೀಳುವುದಿಲ್ಲ. 65,537ನ್ನು ಅದರಿಂದಲೇ ಗುಣಿಸಿದರೆ ನಿಜವಾದ ಉತ್ತರ 429 ಕೋಟಿ ದಾಟುತ್ತದೆ. 32 ಬಿಟ್ ಜಾಗದಲ್ಲಿ ಉಳಿಯುವುದು 1,31,073. ಗುಣಿಸಿದ ಸಂಖ್ಯೆಗಿಂತ ದೊಡ್ಡದೇ, ನೋಡಲು ಮರ್ಯಾದಸ್ಥ. ಅನುಮಾನ ಬರುವುದಾದರೂ ಹೇಗೆ?

ತಮಾಷೆಯೆಂದರೆ, ಚಿಪ್‌ಗೆ ಇದು ಮೊದಲಿಂದಲೂ ಗೊತ್ತು. 1978ರ ಇಂಟೆಲ್ 8086 ಎರಡು 16 ಬಿಟ್ ಸಂಖ್ಯೆಗಳನ್ನು ಗುಣಿಸಿ, 32 ಬಿಟ್‌ಗಳ ಪೂರ್ತಿ ಉತ್ತರವನ್ನು ಎರಡು ರಿಜಿಸ್ಟರ್‌ಗಳಲ್ಲಿ ಇಡುತ್ತಿತ್ತು. ಉತ್ತರ ಕೆಳಗಿನ ಅರ್ಧದಲ್ಲಿ ಹಿಡಿಸದಿದ್ದರೆ ಕ್ಯಾರಿ, ಓವರ್‌ಫ್ಲೋ ಎಂಬ ಎರಡು ಫ್ಲ್ಯಾಗ್‌ಗಳನ್ನೂ ಎತ್ತುತ್ತಿತ್ತು. ಆದರೆ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಿ ಭಾಷೆಯಲ್ಲಿ ಆ ಫ್ಲ್ಯಾಗ್ ಓದುವ ದಾರಿಯೇ ಇರಲಿಲ್ಲ. ಇಂಟ್ ಅನ್ನು, ಅಂದರೆ ಅದರ ಸಾಮಾನ್ಯ ಪೂರ್ಣಾಂಕವನ್ನು, ಇಂಟ್‌ನಿಂದ ಗುಣಿಸಿದರೆ ಬರುವುದೂ ಇಂಟ್. ಮೇಲಿನರ್ಧ ಕಸದ ಬುಟ್ಟಿಗೆ. ಚಿಹ್ನೆಯುಳ್ಳ ಸಂಖ್ಯೆಗಳು ಉಕ್ಕಿದರೆ ಏನಾಗಬೇಕೆಂಬುದನ್ನು 1989ರ ಪ್ರಮಾಣಕ ನಿರ್ಧರಿಸದೇ ಕೈತೊಳೆದುಕೊಂಡಿತು.

ಪ್ರೋಗ್ರಾಮರ್‌ಗಳು ಭಾಗಾಕಾರದ ಮೊರೆ ಹೋದರು. ಗುಣಿಸು, ಬಂದದ್ದನ್ನು ಭಾಗಿಸಿ ತಾಳೆ ನೋಡು. ಇದು ನಿಧಾನ ಎಂಬುದು ಚಿಕ್ಕ ತಕರಾರು, ದೊಡ್ಡದು ಬೇರೆಯೇ ಇದೆ. ಚಿಹ್ನೆಯುಳ್ಳ ಗುಣಾಕಾರ ಉಕ್ಕುವುದೇ ಇಲ್ಲವೆಂದು ನಂಬಿಕೊಳ್ಳಲು ಕಂಪೈಲರ್‌ಗೆ ಪರವಾನಗಿ ಇದೆ. ಹಾಗಾಗಿ ತಾಳೆ ನೋಡುವ ಸಾಲನ್ನೇ ಅದು ಅನಗತ್ಯವೆಂದು ಅಳಿಸಿಹಾಕಬಹುದು. ಅಳಿಸದೆ ಬಿಟ್ಟರೂ, −2,14,74,83,648ನ್ನು −1ರಿಂದ ಗುಣಿಸಿ ತಾಳೆ ನೋಡಹೊರಟರೆ 8086ರ ವಂಶದ ಎಕ್ಸ್86 ಯಂತ್ರದಲ್ಲಿ ಭಾಗಾಕಾರದ ಆದೇಶವೇ ಮುಗ್ಗರಿಸಿ ಪ್ರೋಗ್ರಾಂ ಸತ್ತುಬೀಳುತ್ತದೆ. ಕಾವಲುಗಾರನೇ ಕಳ್ಳನಾದ ಕಥೆ.

2015ರಲ್ಲಿ ಬಯಲಾದ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ಲೋಪಗಳಲ್ಲೂ ಇಂಥದ್ದೊಂದಿತ್ತು. ವಿಡಿಯೊ ಕಡತದೊಳಗಿನ ಪಟ್ಟಿಗೆ ಎಷ್ಟು ಮೆಮೊರಿ ಬೇಕೆಂದು ಲೆಕ್ಕ ಹಾಕುವ ಸಾಲು ಅದು. ಉತ್ತರವನ್ನು 64 ಬಿಟ್ ಜಾಗದಲ್ಲಿಟ್ಟು ಮಿತಿ ಮೀರಿದೆಯೇ ಎಂದು ನೋಡಲಾಗುತ್ತಿತ್ತು, ಸರಿ. ಆದರೆ ಗುಣಾಕಾರ ಅದಕ್ಕೂ ಮೊದಲು 32 ಬಿಟ್‌ನಲ್ಲೇ ಮುಗಿದಿರುತ್ತಿತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಬಂದ ಜಿಸಿಸಿ 5 ಕಂಪೈಲರ್ ಗುಣಿಸಿ, ಉಕ್ಕಿತೇ ಎಂದೂ ಹೇಳುವ 'ಬಿಲ್ಟಿನ್ ಮುಲ್ ಓವರ್‌ಫ್ಲೋ' ಎಂಬ ಸೌಲಭ್ಯ ಕೊಟ್ಟಿತು. ಇನ್ನೊಂದು ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂನ ಒಳಭಾಷೆಯಲ್ಲಿ ಇಂಥ ಆದೇಶ ಮೊದಲೇ ಇತ್ತು. ಇಲ್ಲಿಂದಾಚೆ ಹೊಣೆ ಬ್ಯಾಕೆಂಡ್‌ನದು, ಅಂದರೆ ಆಯಾ ಚಿಪ್‌ಗೆ ತಕ್ಕ ಆದೇಶ ಆರಿಸುವ ಭಾಗದ್ದು. ಎಕ್ಸ್86 ಆದರೆ ಕೆಲಸ ಹಗುರ: ಒಂದು 'ಐಮುಲ್', ಅದರ ಬೆನ್ನಿಗೇ ಓವರ್‌ಫ್ಲೋ ಫ್ಲ್ಯಾಗ್ ಎದ್ದಿದ್ದರೆ ಬೇರೆಡೆ ಜಿಗಿಯುವ 'ಜೆಓ'. 64 ಬಿಟ್ ಆರ್ಮ್‌ನ ಗುಣಾಕಾರ ಫ್ಲ್ಯಾಗ್ ಎತ್ತುವುದೇ ಇಲ್ಲ. ಅಲ್ಲಿ 'ಎಸ್‌ಮುಲ್‌ಹೆಚ್' ಆದೇಶದಿಂದ ಮೇಲಿನರ್ಧ ತರಿಸಿ, ಕೆಳಗಿನರ್ಧದ ಚಿಹ್ನೆಯ ಬಿಟ್ ಅನ್ನು 64 ಸಲ ಬರೆದಂತಾಗಿಸಿ, ಎರಡನ್ನೂ ಹೋಲಿಸಬೇಕು. ಬೇರೆಯಾದರೆ ಉಕ್ಕಿದೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಆಧರಿಸಿರುವ ರಿಸ್ಕ್-ಫೈವ್‌ನಲ್ಲೂ ಫ್ಲ್ಯಾಗ್‌ಗಳಿಲ್ಲ, ಅಲ್ಲೂ ಇದೇ ಸರ್ಕಸ್.

32 ಬಿಟ್ ಚಿಪ್‌ನಲ್ಲಿ 64 ಬಿಟ್ ಗುಣಾಕಾರ ಪರೀಕ್ಷಿಸುವುದು ಇನ್ನೂ ಫಜೀತಿ. ಎಲ್‌ಎಲ್‌ವಿಎಂ ಆಧರಿಸಿದ ಕ್ಲ್ಯಾಂಗ್ ಕಂಪೈಲರ್ ಅದಕ್ಕಾಗಿ 'ಮುಲೋಡಿ4' ಎಂಬ ಸಹಾಯಕ ಫಂಕ್ಷನ್ ಅನ್ನು ಕರೆಯುತ್ತಿತ್ತು. ಅದು ಎಲ್‌ಎಲ್‌ವಿಎಂನ ಗ್ರಂಥಾಲಯದಲ್ಲಿದೆ, ಜಿಸಿಸಿಯದರಲ್ಲಿಲ್ಲ. ಲಿನಕ್ಸ್ ಕರ್ನಲ್ ಕಟ್ಟುವವರೂ ಲಿಂಕ್ ಹಂತದಲ್ಲಿ ಈ ಹೆಸರಿಗೆ ಎಡವಿದ್ದಾರೆ.

ಎಥೀರಿಯಂನ ಸಾಲಿಡಿಟಿ ಭಾಷೆ 2020ರ ಡಿಸೆಂಬರ್‌ನ 0.8 ಆವೃತ್ತಿಯಿಂದ ಓವರ್‌ಫ್ಲೋ ಆದೊಡನೆ ವ್ಯವಹಾರವನ್ನೇ ರದ್ದು ಮಾಡುತ್ತದೆ. ರಸ್ಟ್ ಭಾಷೆ ಪರೀಕ್ಷಾರ್ಥ ಬಿಲ್ಡ್‌ನಲ್ಲಿ ಪ್ರೋಗ್ರಾಂ ಅನ್ನು ನಿಲ್ಲಿಸುತ್ತದೆ. ಬಿಡುಗಡೆಯ ಬಿಲ್ಡ್‌ನಲ್ಲಿ, ನಾವೇ ಬೇರೆ ಹೇಳದಿದ್ದರೆ, ವೇಗದ ಮುಲಾಜಿಗೆ ಸುಮ್ಮನಾಗುತ್ತದೆ. ಸಿ ಭಾಷೆಯ ಪ್ರಮಾಣಕಕ್ಕೆ ಉಕ್ಕಿದ್ದನ್ನು ತಿಳಿಸುವ ಗುಣಾಕಾರ 'ಸಿಕೆಡಿ ಮುಲ್' ಸೇರಿದ್ದು ಸಿ23ರಲ್ಲಿ. ಅದು ಪ್ರಕಟವಾದದ್ದು 2024ರಲ್ಲಿ, 8086 ಬಂದು 46 ವರ್ಷಗಳ ಮೇಲೆ. ಅದನ್ನು ಬಳಸದೆ ಬರಿಯ ನಕ್ಷತ್ರ ಚಿಹ್ನೆ ಹಾಕಿ ಗುಣಿಸಿದರೆ ಸಿ ಈಗಲೂ ಏನನ್ನೂ ಹೇಳುವುದಿಲ್ಲ.