ಮನೆಮಾತು ಬಿಡಿಸಿದ ಮಾತ್ರಕ್ಕೆ ಮಗುವಿಗೆ ಮಾತು ಬರುವುದಿಲ್ಲ

ಮಗುವಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ ಸುದ್ದಿ ಹರಡಿದ್ದೇ ತಡ, ಆ ಮನೆಗೆ ಸಲಹೆಗಳ ಸಾಲು ಹತ್ತುತ್ತದೆ. ಕೊಡಗಿನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ, ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಸಲಹೆ ಇದು: “ಮನೇಲಿ ಮೂರು ಭಾಷೆ ಆಡ್ತೀರಿ, ಮಗು ಗೊಂದಲಕ್ಕೆ ಬಿದ್ದಿದೆ. ಕೊಡವ ತಕ್ಕ್ ಬಿಡಿ, ಇಂಗ್ಲಿಷ್ ಒಂದನ್ನೇ ಆಡಿ, ಮಾತು ತಾನಾಗೇ ಬರುತ್ತೆ.”

ಬರುವುದಿಲ್ಲ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಅದರ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ, ಹೆಚ್ಚಿನ ಮಕ್ಕಳಲ್ಲಿ ಹುಟ್ಟುವ ಮೊದಲೇ ಶುರುವಾಗಿರುತ್ತದೆ. ಭಾಷೆ ಹೆಚ್ಚಾದದ್ದರಿಂದ ಅದು ಬರುವುದಾಗಿದ್ದರೆ ನಮ್ಮ ಜಿಲ್ಲೆಯ ಗತಿ ಏನಾಗಬೇಕಿತ್ತು? ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು, ಬ್ಯಾರಿ, ಎರವ ಭಾಷೆ ಎಲ್ಲವೂ ಕಿವಿಗೆ ಬೀಳುವ ಊರಿನಲ್ಲಿ ಒಂದೇ ಭಾಷೆ ಕೇಳಿ ಬೆಳೆದ ಮಗುವನ್ನು ಹುಡುಕಿಯೇ ತರಬೇಕು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಆಟಿಸಂ ಮಕ್ಕಳನ್ನೂ ಒಂದೇ ಭಾಷೆಯ ಮನೆಗಳ ಆಟಿಸಂ ಮಕ್ಕಳನ್ನೂ ಹೋಲಿಸಿದ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದಿವೆ. ಎರಡು ಭಾಷೆ ಕೇಳಿದ್ದರಿಂದ ಮಾತು ಇನ್ನಷ್ಟು ತಡವಾಯಿತೆಂದು ಅವು ತೋರಿಸಿಲ್ಲ.

ಈ ಸಲಹೆ ಪಾಲಿಸಿದ ಮನೆಯಲ್ಲಿ ಆಗುವುದೇನು? ಅಜ್ಜಿಗೆ ಇಂಗ್ಲಿಷ್ ಬಾರದು, ಆಕೆ ಸುಮ್ಮನಾಗುತ್ತಾಳೆ. ಅಮ್ಮನ ಇಂಗ್ಲಿಷ್ “ಕಮ್”, “ಸಿಟ್”, “ನೋ” ಎಂಬ ಅಪ್ಪಣೆಗಳಿಗೆ ಇಳಿಯುತ್ತದೆ. ಮುದ್ದು, ಹಾಡು, ರೇಗಿಸುವುದು, ಸಮಾಧಾನ ಮಾಡುವುದು ಎಲ್ಲ ಮನೆಮಾತಿನಲ್ಲೇ ಇದ್ದವು, ಅವೂ ಹೋಗುತ್ತವೆ. ದೊಡ್ಡವರು ತಮ್ಮತಮ್ಮಲ್ಲಿ ಕೊಡವ ತಕ್ಕ್ ಆಡುತ್ತಲೇ ಇರುತ್ತಾರೆ. ಅದು ಮಗುವಿಗೆ ಮಾತ್ರ ಇಲ್ಲ. ಜನರೊಂದಿಗೆ ಬೆರೆಯುವುದೇ ಕಷ್ಟವಾದ ಮಗುವಿಗೆ ಬೆರೆಯುವ ದಾರಿಯನ್ನೇ ಕಡಿದು ಹಾಕಿದಂತಾಯಿತು. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದವರು ಹೆಚ್ಚುಕಡಿಮೆ 1.14 ಲಕ್ಷ. ಇಷ್ಟೇ ಜನರ ಭಾಷೆಯನ್ನು ಮಕ್ಕಳಿಗೆ ಬಿಡಿಸುವುದು ಭಾಷೆಗೂ ನಷ್ಟ, ಆದರೆ ನನ್ನ ಚಿಂತೆ ಮೊದಲು ಮಗುವಿನದು. ಚಿಕಿತ್ಸೆಗೂ ಮನೆಮಾತು ಅಡ್ಡಿಯಲ್ಲ: ಸ್ಪೀಚ್ ಥೆರಪಿಯಲ್ಲಿ ಕನ್ನಡದಲ್ಲಿ ಕಲಿಸಿದ ಆಟವನ್ನೇ ಮನೆಯಲ್ಲಿ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಆಡಿಸಬಹುದು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹುಟ್ಟಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ತಾಯಿ ಕೆಲಸಕ್ಕೆ ಹೋದದ್ದರಿಂದಲೂ, ತೋಟದ ಒಂಟಿ ಮನೆಯಲ್ಲಿ ಬೆಳೆಸಿದ್ದರಿಂದಲೂ ಆಟಿಸಂ ಬರುವುದಿಲ್ಲ. ಚಿತ್ರದ ಕಾರ್ಡ್ ತೋರಿಸಿ ಕೇಳುವುದನ್ನು ಕಲಿತ ಮಗು ಅದರಿಂದಾಗಿ ಮಾತು ಬಿಡುವುದಿಲ್ಲ. ನಾಲಿಗೆಗೆ ಬಜೆ ತೇದು ಹಚ್ಚಿದರೆ ಆಟಿಸಂ ಹೋಗುವುದಿಲ್ಲ. ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳುವವರ ಬಳಿ ಹೋಗಲೇಬೇಡಿ. ಆಟಿಸಂಗೆ ಅದು ಚಿಕಿತ್ಸೆಯೆಂದು ಸಾಬೀತಾಗಿಲ್ಲ.

ಕಾಫಿ ತೋಟಕ್ಕೆ ಸುಣ್ಣ ಹಾಕುವ ಮುನ್ನ ಮಣ್ಣು ಪರೀಕ್ಷೆಯ ವರದಿ ಕೇಳುವವರು ನಾವು. ಮಗುವಿನ ವಿಷಯದಲ್ಲಿ ಮಾತ್ರ ಮದುವೆ ಮನೆಯ ಊಟದ ಸಾಲಿನಲ್ಲಿ ಯಾರೋ ಅಂದದ್ದು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಸಾಕಾಗುತ್ತದೆ. ಹೇಳಿದವರು ಮರೆಯುತ್ತಾರೆ. ಕಲಿಕೆಗೆ ಬಹಳ ಮುಖ್ಯವಾದ ಎಳೆಯ ವರ್ಷಗಳು ಕಳೆದುಹೋಗುವುದು ಆ ಮಗುವಿನವು.

ನಿಜವಾಗಿ ನೆರವಾಗಬೇಕೆಂದಿರುವ ಒಕ್ಕದವರಿಗೆ (ಕುಲದವರಿಗೆ), ನೆಂಟರಿಗೆ, ನೆರೆಯವರಿಗೆ ಕೆಲಸ ಬೇಕಾದಷ್ಟಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ಯುವ ದಿನ ಜೊತೆಗೆ ಹೋಗಿ, ಇಲ್ಲವೇ ಮನೆಯ ಇನ್ನೊಂದು ಮಗುವನ್ನು ನೋಡಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್‌ಗೂ, ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಗೂ ಅರ್ಜಿ ಹಾಕಲು ಓಡಾಡಿಕೊಡಿ. ಸುಗ್ಗಿಹಬ್ಬ ಪುತ್ತರಿಯ ದಿನ ಕದಿರು ಕೊಯ್ಯುವಾಗ ಕೋವಿ ಹಾರಿಸುತ್ತಾರಲ್ಲ, ಸದ್ದು ಸಹಿಸದ ಮಗುವನ್ನು ಅದಕ್ಕೂ ಮೊದಲೇ ಒಳಕೋಣೆಗೆ ಕರೆದೊಯ್ಯಿರಿ. ಸದ್ದಿಗೆ ಹೆದರುತ್ತದೆಂದು ಆ ಮನೆಯವರನ್ನು ಹಬ್ಬಕ್ಕೇ ಕರೆಯದಿರಬೇಡಿ.

ಮತ್ತೆ ಅಜ್ಜಿಯರಲ್ಲಿ ಒಂದು ಮಾತು: ಯಾರು ಏನೇ ಅನ್ನಲಿ, ಮಗುವಿನ ಹತ್ತಿರ ಕುಳಿತು ನಿಮಗೆ ಬರುವ ಭಾಷೆಯಲ್ಲೇ ಮಾತಾಡಿ.