ಬಿಸಿಲಲ್ಲಿ ನಿಂತ ವಿಮಾನ, ಸೀಟಿನ ಹಿಂದಿನ ಸಿಲಿಂಡರ್

ಕೊಲರಾಡೊದಂಥ ಬೆಟ್ಟದ ಸೀಮೆಯಲ್ಲಿ ಪುಟ್ಟ ವಿಮಾನ ಹಾರಿಸುವವರು ಆಕ್ಸಿಜನ್ ಸಿಲಿಂಡರನ್ನು ಸೀಟಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ಅಮೆರಿಕದ ನಿಯಮದ ಪ್ರಕಾರ 12,500 ಅಡಿಯ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾರಿದರೆ ಪೈಲಟ್ ಆಕ್ಸಿಜನ್ ಬಳಸಲೇಬೇಕು. 14,000 ಅಡಿ ದಾಟಿದರೆ ಒಂದು ನಿಮಿಷದ ವಿನಾಯಿತಿಯೂ ಇಲ್ಲ. ಆದರೆ ಆತಂಕ ಶುರುವಾಗುವುದು ಇಳಿದ ಮೇಲೆ. ಬಾಗಿಲು ಹಾಕಿ ನಿಲ್ಲಿಸಿದ ವಿಮಾನ ಬೇಸಿಗೆಯ ಬಿಸಿಲಿಗೆ ಕಾಯುತ್ತದೆ. ಒಳಗಿರುವ ಸಿಲಿಂಡರ್ ಸಿಡಿದೀತೇ?

ಉತ್ತರದ ಮೊದಲ ಅರ್ಧ ವಿಮಾನ ಹುಟ್ಟುವುದಕ್ಕೆ ಇನ್ನೂರು ವರ್ಷ ಮುಂಚೆಯೇ ಪ್ಯಾರಿಸ್‌ನಲ್ಲಿ ಸಿಕ್ಕಿತ್ತು. ಗಿಯೋಮ್ ಅಮೊಂಟೊ ಎಳೆಯ ವಯಸ್ಸಿನಲ್ಲೇ ಕಿವಿ ಕೇಳುವ ಶಕ್ತಿ ಕಳೆದುಕೊಂಡವನು. ಉಪಕರಣಗಳನ್ನು ಮಾಡುವುದರಲ್ಲೇ ಬದುಕು ಕಟ್ಟಿಕೊಂಡವನು. ಬಿಸಿಯನ್ನು ನಂಬುವಂತೆ ಅಳೆಯುವ ಥರ್ಮಾಮೀಟರ್ ಅವನಿಗೆ ಬೇಕಿತ್ತು. ಗಾಜಿನ ಬುರುಡೆಯಲ್ಲಿ ಗಾಳಿ ಹಿಡಿದಿಟ್ಟು, ಅದಕ್ಕೆ ಪಾದರಸದ ಬಾಗುಕೊಳವೆ ಜೋಡಿಸಿ, ಕುದಿಯುವ ನೀರಿನಲ್ಲಿ ಅದ್ದಿದ. ಬಿಸಿಯಾದ ಗಾಳಿ ಹಿಗ್ಗಲು ಬಿಡದೆ ಪಾದರಸದ ಭಾರದಿಂದ ತಡೆದು, ಆ ಭಾರವನ್ನೇ ಅಳೆದ. 1702ರಲ್ಲಿ ಅವನು ಹೇಳಿದ್ದಿಷ್ಟು: ತಂಪು ಹವೆಯಿಂದ ನೀರಿನ ಕುದಿಬಿಂದುವಿನವರೆಗೆ ಕಾಯಿಸಿದರೆ ಗಾಳಿಯ ಒತ್ತಡ ಸುಮಾರು ಮೂರನೇ ಒಂದು ಭಾಗ ಏರುತ್ತದೆ. ಬುರುಡೆಯಲ್ಲಿ ಗಾಳಿ ಹೆಚ್ಚಿರಲಿ, ಕಡಿಮೆಯಿರಲಿ, ಏರಿಕೆಯ ಪ್ರಮಾಣ ಅದೇ.

ಅವನು ಅಲ್ಲಿಗೇ ನಿಲ್ಲಲಿಲ್ಲ ಎನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬಿಸಿ ಕೂಡಿದಂತೆ ಒತ್ತಡ ಏರುವುದಾದರೆ, ಚಳಿ ಕೂಡಿದಂತೆ ಅದು ಇಳಿಯುತ್ತ ಎಲ್ಲೋ ಒಂದು ಕಡೆ ಪೂರ್ತಿ ಇಲ್ಲವಾಗಬೇಕಲ್ಲ? ಅವನ ಲೆಕ್ಕವನ್ನು ಇಂದಿನ ಅಳತೆಗೆ ತಿರುಗಿಸಿದರೆ ಆ ಜಾಗ ಸೊನ್ನೆಗಿಂತ ಸುಮಾರು 240 ಡಿಗ್ರಿ ಕೆಳಗೆ ಬರುತ್ತದೆ. ನಿಜವಾದ ಅಂಕಿ 273. ಗಾಜು, ಪಾದರಸ, ಒಂದು ಪಾತ್ರೆ ಬಿಸಿನೀರು ಇಷ್ಟನ್ನೇ ಇಟ್ಟುಕೊಂಡು ಚಳಿಯ ಕಟ್ಟಕಡೆಯನ್ನು ಅಷ್ಟು ಹತ್ತಿರದಿಂದ ಕಂಡಿದ್ದ.

ಆ ನಿಯಮವನ್ನು ಸಿಲಿಂಡರಿಗೆ ಹಚ್ಚೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1800 ಪಿಎಸ್‌ಐ ಒತ್ತಡಕ್ಕೆ ತುಂಬಿದ್ದು ಕ್ಯಾಬಿನ್ 60 ಡಿಗ್ರಿಗೆ ಕಾದಾಗ ಸುಮಾರು 2050ಕ್ಕೆ ಏರುತ್ತದೆ. ಅಂಥ ಉಕ್ಕಿನ ಸಿಲಿಂಡರನ್ನು 3000 ಪಿಎಸ್‌ಐವರೆಗೆ ನೀರೊತ್ತಿ ಪರೀಕ್ಷಿಸಿರುತ್ತಾರೆ. ಪರೀಕ್ಷೆಯ ಅವಧಿ ಮುಗಿಯದ, ಗಾಯವಿಲ್ಲದ, ತುಕ್ಕು ಹಿಡಿಯದ ಸಿಲಿಂಡರ್ ಬರಿಯ ಬಿಸಿಲಿಗೆ ಸಿಡಿಯುವುದಿಲ್ಲ. ಆದರೂ 52 ಡಿಗ್ರಿ ಮೀರಿದ ಜಾಗದಲ್ಲಿ ಇಡಬೇಡಿ ಎಂಬ ಎಚ್ಚರಿಕೆಯಿದೆ; ಅದನ್ನು ಪಾಲಿಸಬೇಕು.

ನಿಜವಾಗಿ ಹೆದರಬೇಕಾದದ್ದು ಉತ್ತರದ ಇನ್ನರ್ಧಕ್ಕೆ. 1774ರ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಕೆಂಪು ಪಾದರಸ ಭಸ್ಮದ ಮೇಲೆ ಮಸೂರದಿಂದ ಬಿಸಿಲು ಹಾಯಿಸಿ ಹೊಸದೊಂದು ಅನಿಲ ಪಡೆದ. ಅದರಲ್ಲಿ ಮೇಣದ ಬತ್ತಿ ಅವನು ನಿರೀಕ್ಷಿಸಿರದ ರಭಸದಲ್ಲಿ ಉರಿಯಿತು. ಸರಿಯಾಗಿ ಮುಚ್ಚದ ವಾಲ್ವಿನಿಂದ ರಾತ್ರಿಯಿಡೀ ಸೋರುವುದೂ ಅದೇ ಅನಿಲ, ಆಕ್ಸಿಜನ್. ಮುಚ್ಚಿದ ಕ್ಯಾಬಿನ್ನಿನಲ್ಲಿ ಅದು ಸೀಟಿನ ಬಟ್ಟೆ, ಫೋಮ್‌ಗಳ ಒಳಗೆಲ್ಲ ಸೇರಿಕೊಂಡಿರುತ್ತದೆ. ಆಮೇಲೆ ಒಂದು ಕಿಡಿ ಸಾಕು. 1967ರ ಜನವರಿ 27ರಂದು ನೆಲದ ಮೇಲೆಯೇ ಇದ್ದ ಅಪೊಲೊ 1 ಬಾಹ್ಯಾಕಾಶ ನೌಕೆಯ ಕ್ಯಾಬಿನ್ನಿನಲ್ಲಿ ಶುದ್ಧ ಆಕ್ಸಿಜನ್ ತುಂಬಿತ್ತು. ಬೆಂಕಿ ಹೊತ್ತಿ ಒಳಗಿದ್ದ ಗಗನಯಾತ್ರಿಗಳಾದ ಗ್ರಿಸಮ್, ವೈಟ್, ಚಾಫಿ ಮೂವರೂ ತೀರಿಕೊಂಡರು.

ಹಾಗಾಗಿ ಹಾರಾಟ ಮುಗಿದೊಡನೆ ರೆಗ್ಯುಲೇಟರನ್ನಷ್ಟೇ ಅಲ್ಲ, ಸಿಲಿಂಡರಿನ ವಾಲ್ವನ್ನೇ ಬಿಗಿಯಾಗಿ ಮುಚ್ಚಬೇಕು. ಸಾಧ್ಯವಾದರೆ ಸಿಲಿಂಡರನ್ನು ಇಳಿಸಿ, ಗಾಳಿಯಾಡುವ ನೆರಳಿನಲ್ಲಿ ಉರುಳದಂತೆ ಕಟ್ಟಿಡಬೇಕು. ಎಣ್ಣೆ, ಗ್ರೀಸ್ ಮೆತ್ತಿದ ಕೈ ಅದರ ಹತ್ತಿರ ಸುಳಿಯಬಾರದು. ಮತ್ತೆ ತೆರೆಯುವಾಗ ವಾಲ್ವನ್ನು ನಿಧಾನವಾಗಿ ತಿರುಗಿಸಬೇಕು: ಒಮ್ಮೆಲೇ ನುಗ್ಗಿದ ಅನಿಲ ರೆಗ್ಯುಲೇಟರಿನೊಳಗೆ ಅದುಮಿಕೊಂಡು ಎಷ್ಟು ಕಾಯುತ್ತದೆಂದರೆ, ಅಲ್ಲಿ ಅಂಟಿದ ಗ್ರೀಸಿನ ಒಂದು ಕಲೆಯೂ ಹೊತ್ತಿಕೊಳ್ಳಬಲ್ಲದು.